ಮಳೆಗೆ ರಜೆ, ಮಳೆಯ ಪಾಠಕ್ಕೂ ರಜೆ

ಜುಲೈ ಬಂತು ಅಂದರೆ ನಮ್ಮ ಮೂಡಿಗೆರೆ ಕಡೆ ಮಕ್ಕಳಿಗೆ ರಾತ್ರಿ ಎಂಟು ಗಂಟೆ ಮೇಲೆ ಒಂದೇ ಯೋಚನೆ. ನಾಳೆ ರಜೆಯಾ? ಅಪ್ಪನ ಮೊಬೈಲ್ ಕಿತ್ತುಕೊಂಡು ವಾಟ್ಸಾಪ್ ಗ್ರೂಪ್ ತೆಗೆಯುತ್ತಾರೆ, ಜಿಲ್ಲಾಧಿಕಾರಿಗಳ ಆದೇಶದ ಫೋಟೊ ಬಂದಿದೆಯಾ ಅಂತ. ಯಾರೋ ಪುಣ್ಯಾತ್ಮರು ಹೋದ ವರ್ಷದ ಆದೇಶಕ್ಕೇ ತಾರೀಖು ತಿದ್ದಿ ಹಾಕಿರುತ್ತಾರೆ, ಅದಕ್ಕೊಂದು ಜಗಳ. ಕೊನೆಗೆ ಅಸಲಿ ಆದೇಶ ಬರುತ್ತದೆ, ಮನೆಯಲ್ಲಿ ಕುಣಿದಾಟ.

ರಜೆ ಕೊಡೋದು ಸರಿಯೇ. ಹಳ್ಳದ ಮೇಲಿನ ಕಾಲುಸಂಕ ದಾಟಿ ಬರೋ ಮಕ್ಕಳಿದ್ದಾರೆ, ನೆನೆದ ಗೋಡೆಯ ಹಳೇ ಕಟ್ಟಡಗಳಿವೆ. ಆದರೆ ಒಂದು ತಮಾಷೆ ನೋಡಿ. ವರ್ಷಪೂರ್ತಿಯಲ್ಲಿ ಹವಾಮಾನ ಅನ್ನೋದು ಕಣ್ಣಿಗೆ ಕಂಡು ಕೈಗೆ ಸಿಗೋದು ಆ ಹತ್ತಿಪ್ಪತ್ತು ದಿನ. ಅವತ್ತೇ ಶಾಲೆಗೆ ಬೀಗ. ಬಿಸಿಲು ಬಿದ್ದ ಮೇಲೆ ಅದೇ ಮಕ್ಕಳನ್ನು ಕೂರಿಸಿಕೊಂಡು 'ಹವಾಮಾನ ಬದಲಾವಣೆ' ಪಾಠ ಓದಿಸುತ್ತೇವೆ.

ಹವಾಮಾನ ಬದಲಾವಣೆ ಅಂದರೇನು ಅಂತ ಹೈಸ್ಕೂಲಿನ ಯಾವ ಹುಡುಗನನ್ನಾದರೂ ಕೇಳಿ. ಹಿಮಕರಡಿ ಹೇಳುತ್ತಾನೆ. ಓಝೋನ್ ಪದರದ ತೂತಿನಿಂದ ಬಿಸಿ ಒಳಗೆ ಬರುತ್ತದೆ ಅಂತ ಹೇಳುತ್ತಾನೆ, ಅದು ತಪ್ಪು ಬೇರೆ. ಓಝೋನ್ ಕಥೆಯೇ ಬೇರೆ, ಭೂಮಿ ಬಿಸಿಯಾಗುವ ಕಥೆಯೇ ಬೇರೆ. ಆದರೆ 2019ರ ಆಗಸ್ಟಿನಲ್ಲಿ ನಮ್ಮದೇ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಯಾಕೆ ಜಾರಿತು ಅಂತ ಕೇಳಿದರೆ ಅವನ ಹತ್ತಿರ ಉತ್ತರ ಇಲ್ಲ. ಅವನ ಮೇಷ್ಟ್ರ ಹತ್ತಿರವೂ ಇರುವುದಿಲ್ಲ. ಅದು ಅವರ ತಪ್ಪಲ್ಲ, ಪುಸ್ತಕದಲ್ಲಿ ನಮ್ಮೂರೇ ಇಲ್ಲ.

ಕಾನೂನು, ಯೋಜನೆಗೆ ಬರ ಇಲ್ಲ. ಪರಿಸರದ ಪಾಠ ಕಡ್ಡಾಯ ಆಗಬೇಕು ಅಂತ ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಬ್ಯಾಗ್ ಇಲ್ಲದ 10 ದಿನ ಬೇಕು ಅಂದಿತು. ನಮ್ಮ ರಾಜ್ಯದಲ್ಲಿ ಬ್ಯಾಗ್ ಇಲ್ಲದ 'ಸಂಭ್ರಮ ಶನಿವಾರ' ಇದೆ, ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ' ಇದೆ. ಮಕ್ಕಳೇ ಊರಿನ ಸಮಸ್ಯೆ ಹಿಡಿದು ಸಂಶೋಧನೆ ಮಾಡೋ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆಯುತ್ತಿದೆ. ಎಲ್ಲವೂ ಒಳ್ಳೆಯ ಯೋಚನೆಗಳೇ. ಸಮಸ್ಯೆ ಏನಂದರೆ ಹೊರಗೆ ಹೋಗಿ ಕಲಿಯೋದು ಒಂದು ದಿನದ ಟ್ರಿಪ್ ಆಗಿಬಿಟ್ಟಿದೆ. ಬಸ್ಸು, ಪಲಾವ್, ಗ್ರೂಪ್ ಫೋಟೊ, ಮುಗೀತು. ಭೂಮಿಯ ವಿಜ್ಞಾನ ಒಂದು ದಿನದಲ್ಲಿ ಏನೂ ಬಿಟ್ಟುಕೊಡುವುದಿಲ್ಲ. ಅದೇ ಜಾಗಕ್ಕೆ, ಅದೇ ಹೊತ್ತಿಗೆ, ತಿಂಗಳುಗಟ್ಟಲೆ ಹೋಗುತ್ತಿರಬೇಕು. ಬೇಜಾರು ಬರಬೇಕು. ಬೇಜಾರು ಬಂದ ಮೇಲೂ ಹೋಗಬೇಕು.

ಇಷ್ಟಕ್ಕೂ ನಮ್ಮ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಇದನ್ನು ಕಲಿಸೋಕೆ ಪ್ರಯೋಗಶಾಲೆ ಕಟ್ಟಬೇಕಾಗಿಲ್ಲ. ಬೆಳಿಗ್ಗೆ ಕಡೂರಿನಲ್ಲಿ ಕೆಂಪು ಬಸ್ ಹತ್ತಿ. ತೆಂಗು, ರಾಗಿ ಹೊಲ, ಒಣಗಿದ ಕೆರೆ. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಯ ನಾಡು ಅದು. ಚಿಕ್ಕಮಗಳೂರು ದಾಟಿ, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ಇಳಿಯಿರಿ. ನೂರು ಕಿಲೋಮೀಟರ್ ಕೂಡ ಆಗಿಲ್ಲ, ಮಳೆ ಕಡೂರಿನ ನಾಲ್ಕೈದು ಪಟ್ಟು ಆಗಿರುತ್ತದೆ. ಹಾಸನ ಜಿಲ್ಲೆಯಲ್ಲಿ ಅರಸೀಕೆರೆಯಿಂದ ಸಕಲೇಶಪುರದ ಹೆತ್ತೂರಿಗೆ ಹೋದರೂ ಇದೇ ಕಥೆ. ಅರಬ್ಬೀ ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ಗುದ್ದಿ ಮೇಲೇರಿ, ತಣ್ಣಗಾಗಿ ಇಲ್ಲೇ ಸುರಿದುಬಿಡುತ್ತದೆ, ಆಚೆ ಹೋಗೋವಷ್ಟರಲ್ಲಿ ಖಾಲಿ. ಪುಸ್ತಕದಲ್ಲಿ ಇದಕ್ಕೆ 'ಮಳೆ ನೆರಳಿನ ಪ್ರದೇಶ' ಅಂತ ಒಂದು ಸಾಲು, ಪಕ್ಕದಲ್ಲೊಂದು ಚಿತ್ರ. ಬಸ್ಸಿನ ಕಿಟಕಿಯಲ್ಲಿ ಕೂತ ಹುಡುಗಿ ಪ್ರತಿ ಹತ್ತು ಕಿಲೋಮೀಟರಿಗೆ ಮನೆಗಳ ಮಾಡು ಹೇಗಿದೆ, ಎಷ್ಟು ಇಳಿಜಾರು, ತಾರಸಿ ಎಲ್ಲಿ ನಿಂತು ಹೆಂಚು ಎಲ್ಲಿ ಶುರುವಾಯಿತು ಅಂತ ಬರೆದುಕೊಂಡು ಹೋದರೆ ಅವಳೇ ಒಂದು ಮಳೆ ನಕಾಶೆ ಬರೆದ ಹಾಗಾಯಿತು. ಟಿಕೆಟ್ ಕೂಡ ಇಲ್ಲ, ಶಕ್ತಿ ಯೋಜನೆ ಇದೆಯಲ್ಲ.

ಕಲ್ಲಿನ ವಿಚಾರಕ್ಕೆ ಬಂದರೆ ನಾವು ಇನ್ನೂ ಶ್ರೀಮಂತರು. ಬಾಬಾಬುಡನ್ ಗಿರಿ ಸಾಲಿನ ಶಿಲಾ ಪದರಗಳಿಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರುಗಳನ್ನು ಕೇಳಿ: ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ. ಎಲ್ಲ ನಮ್ಮ ಬಸ್ ಬೋರ್ಡಿನ ಹೆಸರುಗಳೇ ಅಲ್ವಾ! ವಯಸ್ಸು ಸುಮಾರು 270ರಿಂದ 290 ಕೋಟಿ ವರ್ಷ. ಗೊರೂರಿನ ಕಡೆಯ 'ನೈಸ್' (gneiss) ಅನ್ನೋ ಜಾತಿಯ ಕಲ್ಲು ಇನ್ನೂ ಹಳೆಯದು, 330 ಕೋಟಿ ವರ್ಷದ ಸುತ್ತಮುತ್ತ. ಮುಳ್ಳಯ್ಯನಗಿರಿ ಕಡೆ ಕೆಂಪು, ಕಪ್ಪು ಪಟ್ಟೆಪಟ್ಟೆಯಾದ ಭಾರದ ಕಲ್ಲು ಸಿಗುತ್ತದೆ, ಅದು ಕಬ್ಬಿಣದ ಕಲ್ಲು. ಅದು ಹುಟ್ಟಿದ್ದು ಸಮುದ್ರದ ತಳದಲ್ಲಿ. ಆಗ ಗಾಳಿಯಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇರಲೇ ಇಲ್ಲ, ಹಾಗಾಗಿ ಕಬ್ಬಿಣ ನೀರಿನಲ್ಲಿ ಕರಗಿಕೊಂಡೇ ಇತ್ತು. ಅದು ತಳಕ್ಕೆ ಕೂತು ಪದರವಾಯಿತು. ಅಂದರೆ ಕರ್ನಾಟಕದ ಅತಿ ಎತ್ತರದ ಶಿಖರದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುವವರ ಕಾಲ ಕೆಳಗೆ ಒಂದು ಕಾಲದ ಕಡಲ ತಳ ಇದೆ. ಗಾಳಿ ಯಾವಾಗಲೂ ಹೀಗೇ ಇರಲಿಲ್ಲ ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಎಲ್ಲಿ ಸಿಗುತ್ತದೆ? ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಹೋಗುತ್ತಿತ್ತು, ಕುದುರೆಮುಖದ ಗಣಿ 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿತು. ನಮ್ಮ ಮಕ್ಕಳಿಗೆ ಈ ಜಗಳಗಳ ಸುದ್ದಿ ಗೊತ್ತು, ಕಲ್ಲು ಗೊತ್ತಿಲ್ಲ. ಭೂಗರ್ಭಶಾಸ್ತ್ರ ಪಿಯುಸಿಯಲ್ಲಿ ಒಂದು ವಿಷಯವಾಗಿ ಇದೆ, ಹೇಳಿಕೊಡುವ ಕಾಲೇಜುಗಳು ಬಹಳ ಕಡಿಮೆ.

ಕಣ್ಣಾರೆ ಕಂಡ ಒಂದು ಪಾಠ ಹೇಳುತ್ತೇನೆ. ಎರಡು ವರ್ಷದ ಹಿಂದೆ, ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲಿನ ಒಂದು ಶನಿವಾರ. ನಮ್ಮೂರಿನ ಹೈಸ್ಕೂಲಿನ ವಿಜ್ಞಾನದ ಮೇಡಂ ಮಕ್ಕಳನ್ನು ನಮ್ಮ ತೋಟಕ್ಕೆ ಕರೆದುಕೊಂಡು ಬಂದಿದ್ದರು. ಸಾಮಾನು ಏನು? ತಳ ಕತ್ತರಿಸಿದ ಎರಡು ಎಣ್ಣೆ ಡಬ್ಬ, ಒಂದು ಸುತ್ತಿಗೆ, ಬಕೆಟ್, ಮೊಬೈಲಿನ ಸ್ಟಾಪ್‌ವಾಚ್. ಒಂದು ಡಬ್ಬವನ್ನು ಹಲಸಿನ ಮರದ ಕೆಳಗೆ, ತರಗೆಲೆ ಸರಿಸಿ ಮಣ್ಣಿಗೆ ನಾಲ್ಕು ಬೆರಳು ಇಳಿಯುವ ಹಾಗೆ ಬಡಿದು ಕೂರಿಸಿದರು. ಇನ್ನೊಂದನ್ನು ಜೀಪ್ ಓಡಾಡೋ ದಾರಿಯ ಪಕ್ಕ. ಎರಡಕ್ಕೂ ಒಂದೊಂದು ಲೀಟರ್ ನೀರು. ಮರದ ಕೆಳಗಿನ ನೀರು ಮಕ್ಕಳು ಎಣಿಸುತ್ತಿದ್ದ ಹಾಗೇ ಮಾಯ. ದಾರಿ ಪಕ್ಕದ ಡಬ್ಬದಲ್ಲಿ ಅರ್ಧ ಗಂಟೆ ಆದರೂ ನೀರು ಹಾಗೇ ನಿಂತು ಆಕಾಶ ತೋರಿಸುತ್ತಿತ್ತು. ಒಬ್ಬ ಹುಡುಗ ಡಬ್ಬಕ್ಕೆ ಒದ್ದು ನೋಡಿದ, ತೂತು ಮುಚ್ಚಿಕೊಂಡಿದೆ ಅಂದುಕೊಂಡು.

ಮಕ್ಕಳು ತಕ್ಷಣ ತೀರ್ಮಾನಕ್ಕೆ ಬಂದರು. ಮರ ಇದ್ದರೆ ನೀರು ಇಂಗುತ್ತದೆ, ಇಂಗಿದರೆ ಗುಡ್ಡ ಕುಸಿಯುವುದಿಲ್ಲ. ಇಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯ ಪೋಸ್ಟರ್ ಆಗುತ್ತಿತ್ತು. ಮೇಡಂ ನಿಲ್ಲಿಸಲಿಲ್ಲ. ಹಾಗಾದರೆ 2019ರಲ್ಲಿ ಮರ ಇದ್ದ ತೋಟಗಳೂ ಯಾಕೆ ಜಾರಿದವು ಅಂತ ಕೇಳಿದರು. ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ, ಯಾಕೆಂದರೆ ನನಗೂ ಗೊತ್ತಿರಲಿಲ್ಲ.

ನಡೆಯುವುದು ಹೀಗೆ. ಇಂಗಿದ ನೀರು ಮಣ್ಣಿನ ಒಳಗೆ ಇಳಿಯುತ್ತಾ ಇಳಿಯುತ್ತಾ ಕೆಳಗಿನ ಗಟ್ಟಿ ಕಲ್ಲು ಅಥವಾ ಜೇಡಿಯ ಪದರ ಮುಟ್ಟಿ ನಿಲ್ಲುತ್ತದೆ. ವಾರಗಟ್ಟಲೆ ಸುರಿದರೆ ಮೇಲಿನ ಮಣ್ಣೆಲ್ಲ ನೀರು ಕುಡಿದ ಸ್ಪಂಜಿನ ಹಾಗೆ ಭಾರವಾಗುತ್ತದೆ. ಮಣ್ಣಿನ ಕಣಗಳ ನಡುವೆ ತುಂಬಿದ ನೀರು ಕಣಗಳನ್ನು ಒತ್ತಿ ದೂರ ಮಾಡುತ್ತದೆ, ಹಿಡಿತ ಸಡಿಲ. ಒಂದು ಎಕರೆಗೆ ಒಂದು ಇಂಚು ಮಳೆ ಅಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಜಾಸ್ತಿ ನೀರು. ಒಂದೇ ದಿನ ಎಂಟು ಇಂಚು ಬಿದ್ದರೆ ಲೆಕ್ಕ ಹಾಕಿ. ಆ ಹೊತ್ತಿಗೆ ಕೆಳಗೆ ಯಾರಾದರೂ ರಸ್ತೆಗೋ, ಹೋಂಸ್ಟೇಗೋ ಜೆಸಿಬಿ ತಂದು ಗುಡ್ಡದ ಬುಡದ ಧರೆ ಕಡಿದಿದ್ದರೆ ಗುಡ್ಡಕ್ಕೆ ಕಾಲೇ ಇಲ್ಲ. ನಮ್ಮ ಅಜ್ಜಂದಿರು 'ಜಲ ಎದ್ದಿದೆ' ಅಂತಿದ್ದರಲ್ಲ, ಇಲ್ಲದ ಕಡೆ ನೀರು ಉಕ್ಕುವುದು, ಅದು ಮಣ್ಣಿನ ಹೊಟ್ಟೆ ತುಂಬಿದೆ ಅನ್ನೋ ಸೂಚನೆ. ಆ ನೀರು ಕೆಸರಾಗಿ ಬಂದರೆ, ಮರ ವಾಲಿದರೆ, ಅಂಗಳದಲ್ಲಿ ಬಿರುಕು ಕಂಡರೆ ಹಾಸಿಗೆ ಸುತ್ತಿಕೊಂಡು ಹೊರಡಬೇಕು. ಮರ ಬೇಕು, ಬೇರು ಮಣ್ಣನ್ನು ಹಿಡಿಯುತ್ತದೆ, ನಿಜ. ಆದರೆ ಬೇರು ಇಳಿದಷ್ಟು ಆಳಕ್ಕೆ ಮಾತ್ರ. ಜಾರುವ ಪದರ ಅದಕ್ಕಿಂತ ಕೆಳಗಿದ್ದರೆ ಮರದ ಸಮೇತ ಜಾರುತ್ತದೆ.

ಇದನ್ನೇ ನಾನು ಕ್ಷೇತ್ರದಲ್ಲಿ ಕಲಿಯೋದು ಅಂತೀನಿ. ಒಂದು ಡಬ್ಬ ಒಂದು ಉತ್ತರ ಕೊಟ್ಟಿತು, ಊರಿನ ನೆನಪು ಆ ಉತ್ತರ ಸಾಲದು ಅಂತ ತೋರಿಸಿತು. ಸುಮ್ನೆ ಗಿಡ ನೆಡಿಸಿ ಫೋಟೊ ತೆಗೆಸಿದರೆ ಈ ಎರಡನೇ ಹೆಜ್ಜೆ ಬರುವುದೇ ಇಲ್ಲ. ಪಶ್ಚಿಮ ಘಟ್ಟ ಉಳಿಸುವ ಕುರಿತ ಗಾಡ್ಗೀಳ್, ಕಸ್ತೂರಿರಂಗನ್ ವರದಿಗಳ ಬಗ್ಗೆ ನಮ್ಮಲ್ಲಿ ಹದಿಮೂರು ಹದಿನಾಲ್ಕು ವರ್ಷದಿಂದ ನಡೆಯುತ್ತಿರುವ ಜಗಳವನ್ನೇ ನೋಡಿ. ಪರ ಇರುವವರೂ ವಿರೋಧ ಇರುವವರೂ ಗಂಟಲಿನಲ್ಲೇ ಮಾತಾಡುತ್ತಾರೆ, ಕೈಯಲ್ಲಿ ಅಳತೆ ಇರುವವರು ಕಡಿಮೆ.

ಅಳತೆ ಅಂದಾಗ ಮಳೆಯ ಡೈರಿ ನೆನಪಾಗುತ್ತದೆ. ಕಾಫಿ ಬೆಳೆಗಾರರ ಮನೆಗಳಲ್ಲಿ ಇದು ಹಳೇ ಅಭ್ಯಾಸ. ಬೆಳಿಗ್ಗೆ ಕಾಫಿ ಕುಡಿದು ರೇನ್‌ಗೇಜ್ ನೋಡಿ ಬರೆಯುವುದು. ಇವತ್ತಿಗೂ ನಮ್ಮ ಲೆಕ್ಕ ಇಂಚು, ಸೆಂಟಿನಲ್ಲೇ, ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು. "ನಿಮ್ಮಲ್ಲಿ ಎಷ್ಟಾಯ್ತು?" "ಒಂದು ಇಂಚು ಇಪ್ಪತ್ತು ಸೆಂಟು." ಫೆಬ್ರವರಿ, ಮಾರ್ಚಿನಲ್ಲಿ ಈ ಲೆಕ್ಕಕ್ಕೆ ಜೀವ ಇಟ್ಟುಕೊಂಡಿರುತ್ತೇವೆ, ಒಂದಿಂಚು ಹೂಮಳೆ ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟ ಬೆಳ್ಳಗೆ, ಬೀಳದಿದ್ದರೆ ಸ್ಪ್ರಿಂಕ್ಲರ್ ಖರ್ಚು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ಅಷ್ಟು ಹಳೆಯದಲ್ಲದಿದ್ದರೂ 40, 50 ವರ್ಷದ ಡೈರಿಗಳು ನಮ್ಮ ಅಟ್ಟಗಳಲ್ಲಿ ಗೆದ್ದಲಿಗೆ ಕಾಯುತ್ತಿವೆ. ಹವಾಮಾನದ ಸರಾಸರಿ ಲೆಕ್ಕ ಹಾಕೋಕೆ ವಿಜ್ಞಾನಿಗಳು 30 ವರ್ಷದ ಅಂಕಿ ಕೇಳುತ್ತಾರೆ. ಇಲ್ಲಿ ಮನೆಯಲ್ಲೇ ಇದೆ!

ಮೇಡಂ ಇದನ್ನೂ ಕೈಗೆತ್ತಿಕೊಂಡರು. ಎಂಟು ಮಕ್ಕಳು, ಎಂಟು ಮನೆ, ಪ್ರತಿಯೊಬ್ಬರೂ ಒಂದೊಂದು ಮಳೆಮಾಪಕ. ದುಡ್ಡು ಕೊಟ್ಟು ತಂದದ್ದಲ್ಲ, ಎರಡು ಲೀಟರಿನ ಬಾಟಲಿ ಕತ್ತರಿಸಿ ಮೇಲ್ಭಾಗವನ್ನು ತಲೆಕೆಳಗಾಗಿ ಇಟ್ಟದ್ದು. ತಳ ಉಬ್ಬುತಗ್ಗಾಗಿರುತ್ತದೆ, ಅದಕ್ಕೆ ಸಣ್ಣ ಕಲ್ಲು ತುಂಬಿ ನೀರು ಹಾಕಿ, ಗೋಡೆ ನೆಟ್ಟಗಾಗುವ ಕಡೆ ಸೊನ್ನೆಯ ಗೆರೆ. ಬಯಲುಸೀಮೆಗೆ ಇದು ಧಾರಾಳ. ಇಲ್ಲಿ ಆರಿದ್ರಾ ಮಳೆ ಹಿಡಿದ ಮೂರನೇ ದಿನ ಒಂದು ಬಾಟಲಿ ತುಂಬಿ ಹರಿದಿತ್ತು, ಹುಡುಗ '190' ಅಂತ ಬರೆದುಕೊಂಡು ಬಂದಿದ್ದ. ಎಷ್ಟು ಬಿತ್ತು ಅಂತ ಗೊತ್ತಾ? ಗೊತ್ತಿಲ್ಲ. ಗೊತ್ತಿರೋದು 190 ಮಿ.ಮೀ.ಗಿಂತ ಜಾಸ್ತಿ ಅಂತ ಮಾತ್ರ. ಅವತ್ತಿನಿಂದ ಬೆಳಿಗ್ಗೆ ಸಂಜೆ ಎರಡು ಸಲ ಓದೋದು ಅಂತಾಯಿತು. ಬೆಳಿಗ್ಗೆಯ ಹೊತ್ತು ಎಂಟೂವರೆ, ಹವಾಮಾನ ಇಲಾಖೆಯೂ ದಿನದ ಮಳೆ ಲೆಕ್ಕ ಮುಗಿಸುವುದು ಎಂಟೂವರೆಗೇ. ಅವರ ಪಟ್ಟಿಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 204.5 ಮುಟ್ಟಿದರೆ ಅತ್ಯಂತ ಭಾರಿ. ನಮ್ಮ ಮಕ್ಕಳು ಆ ಪಟ್ಟಿ ಬಾಯಿಪಾಠ ಮಾಡಲಿಲ್ಲ, ಬಾಟಲಿ ಮೇಲೆ ಕೆಂಪು ಟೇಪ್ ಅಂಟಿಸಿದರು.

ಮೊದಲ ತಿಂಗಳು ಬಂದ ನೋಟ್‌ಬುಕ್‌ಗಳಲ್ಲಿ ದೊಡ್ಡ ಗೊಂದಲ ಇದ್ದದ್ದು ಸೊನ್ನೆಯಲ್ಲಿ. ಮಳೆ ಬರದ ದಿನವೂ 0, ನೋಡೋಕೆ ಮರೆತ ದಿನವೂ 0. ಅಜ್ಜಿ ಮನೆಗೆ ಹೋಗಿದ್ದ ನಾಲ್ಕು ದಿನವೂ 0, ಆ ನಾಲ್ಕು ದಿನ ಊರೇ ಕೊಚ್ಚಿ ಹೋಗೋ ಹಾಗೆ ಸುರಿದಿತ್ತು. ಸೊನ್ನೆ ಅಂದರೆ ನೋಡಿದೆ, ಏನೂ ಇರಲಿಲ್ಲ. ಅಡ್ಡಗೆರೆ ಅಂದರೆ ನೋಡಲಿಲ್ಲ. ಇದನ್ನು ಹತ್ತನೇ ತರಗತಿಯ ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ, ಆದರೆ ವಿಜ್ಞಾನದ ಅರ್ಧ ಪ್ರಾಮಾಣಿಕತೆ ಈ ಅಡ್ಡಗೆರೆಯಲ್ಲಿದೆ ಅಂತ ನನಗನ್ನಿಸುತ್ತದೆ. ಇನ್ನೊಂದು ತಪ್ಪು ಕಣ್ಣಿನದು. ಬಾಟಲಿಯ ಅಂಚಿಗೆ ನೀರು ಸ್ವಲ್ಪ ಮೇಲೇರಿ ಅಂಟಿಕೊಂಡಿರುತ್ತದೆ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನಡುವಿನ ತಗ್ಗನ್ನು ಓದಬೇಕು. ನಿಂತುಕೊಂಡು ಮೇಲಿಂದ ಓದಿದರೆ ಒಂದೆರಡು ಮಿ.ಮೀ. ಜಾಸ್ತಿ ಬರುತ್ತದೆ.

ಹಳೇ ಡೈರಿಯಲ್ಲೂ ಮೋಸ ಇದೆ. ನಮ್ಮ ಪಕ್ಕದ ತೋಟದ ಡೈರಿ ನೋಡಿದರೆ ಇಪ್ಪತ್ತು ವರ್ಷದಲ್ಲಿ ಮಳೆ ಇಳಿಯುತ್ತಲೇ ಬಂದಿದೆ. ಹುಡುಗರು ಖುಷಿಯಿಂದ 'ಹವಾಮಾನ ಬದಲಾವಣೆ' ಅಂತ ಶೀರ್ಷಿಕೆ ಬರೆದೇಬಿಟ್ಟರು. ಆಮೇಲೆ ಜಾಗಕ್ಕೆ ಹೋಗಿ ನೋಡಿದರೆ ರೇನ್‌ಗೇಜ್ ಪಕ್ಕ ಅವತ್ತು ಮೊಣಕಾಲುದ್ದ ಇದ್ದ ಸಿಲ್ವರ್ ಓಕ್ ಇವತ್ತು ತೆಂಗಿನ ಮರಕ್ಕಿಂತ ಎತ್ತರ. ಮಳೆ ಇಳಿದಿರಲಿಲ್ಲ, ಮರ ಏರಿತ್ತು. ಶೀರ್ಷಿಕೆ ಹೊಡೆದುಹಾಕಿದರು, ಮುಖ ಸಪ್ಪೆ.

ಹಾಗಂತ ಬದಲಾವಣೆ ಸುಳ್ಳು ಅಂತ ಅಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು, ಇದು ಭೌತಶಾಸ್ತ್ರ. ಹಾಗಾಗಿ ವರ್ಷದ ಒಟ್ಟು ಅಷ್ಟೇ ಇದ್ದರೂ ಸುರಿಯೋ ರೀತಿ ಬದಲಾಗಬಹುದು, ಜಿಟಿಜಿಟಿ ದಿನ ಕಡಿಮೆ, ಬಕೆಟ್ ಕವುಚಿದ ಹಾಗೆ ಸುರಿಯೋ ದಿನ ಜಾಸ್ತಿ. ಇದನ್ನು ಹುಡುಕಬೇಕಾದರೆ ಒಟ್ಟು ಮಳೆ ನೋಡಿ ಪ್ರಯೋಜನ ಇಲ್ಲ, ದಿನದಿನದ ಅಂಕಿ ಬೇಕು. 2018ರ ಕೊಡಗಿನ ಕಡೆಯ, 2019ರ ನಮ್ಮ ಕಡೆಯ ಕುಸಿತಗಳು ಆಗಿದ್ದು ಎರಡು ಸಲವೂ ಆಗಸ್ಟಿನ ಆಶ್ಲೇಷ ಮಳೆಯ ಹೊತ್ತಿಗೆ. ಎರಡು ವರ್ಷ ಹೀಗಾಯಿತು ಅಂತ ಅದೇ ನಿಯಮ ಅನ್ನೋ ಹಾಗಿಲ್ಲ. ಅದಕ್ಕೇ ಡೈರಿ ಬೇಕು. ನಕ್ಷತ್ರದ ಲೆಕ್ಕವೂ ಕೆಟ್ಟದ್ದಲ್ಲ, ಹದಿಮೂರು ಹದಿನಾಲ್ಕು ದಿನದ ಒಂದು ಒಳ್ಳೆಯ ಅಳತೆಪಟ್ಟಿ ಅದು. ಮಕ್ಕಳು ಡೈರಿಯ ಅಂಕಿಗಳನ್ನು ತಿಂಗಳ ಬದಲು ಮಳೆ ನಕ್ಷತ್ರಕ್ಕೆ ಹೊಂದಿಸಿ ಬರೆದಾಗ ಮನೆಯ ಹಿರಿಯರೆಲ್ಲ ಬಂದು ಕೂತು ವಾದ ಮಾಡೋಕೆ ಶುರು ಮಾಡಿದರು.

ಸರ್ಕಾರದ ಮಳೆಮಾಪಕ ಇರುವಾಗ ಮಕ್ಕಳ ಬಾಟಲಿ ಯಾಕೆ ಅಂತ ಕೇಳಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಅಂಕಿ ಕಳಿಸುವ ಮಾಪಕಗಳನ್ನು ಇಟ್ಟಿದೆ, ಒಳ್ಳೆಯ ಕೆಲಸ. ಆದರೆ ಮಲೆನಾಡಿನ ಒಂದು ಪಂಚಾಯಿತಿ ಅಂದರೆ ಮೂರು ಗುಡ್ಡ, ನಾಲ್ಕು ಕಣಿವೆ. ನಮ್ಮ ಎಂಟು ಬಾಟಲಿಗಳಲ್ಲೇ ಎರಡು ಕಿಲೋಮೀಟರ್ ಅಂತರದ ಎರಡು ಮನೆಗಳ ನಡುವೆ ಒಂದೇ ದಿನ 40 ಮಿ.ಮೀ. ವ್ಯತ್ಯಾಸ ಬಂದದ್ದಿದೆ. ವಯನಾಡಿನಲ್ಲಿ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಅನ್ನೋ ಸಂಸ್ಥೆ ಜಿಲ್ಲೆಯ ತುಂಬ ಇಂಥ ಮಾಪಕಗಳ ಜಾಲ ಮಾಡಿದೆ, ಬೆಳಿಗ್ಗೆ ಅಂಕಿ ಓದಿ ಕಳಿಸುವವರಲ್ಲಿ ಬಹಳಷ್ಟು ಜನ ಊರಿನವರೇ. 2024ರ ಜುಲೈ 30ರ ಭೂಕುಸಿತಕ್ಕೆ ಮೊದಲ 48 ಗಂಟೆಯಲ್ಲಿ 500 ಮಿ.ಮೀ.ಗೂ ಹೆಚ್ಚು ಮಳೆ ಬಿದ್ದದ್ದು ಆ ಜಾಲಕ್ಕೆ ಗೊತ್ತಾಗಿತ್ತು, ಹಿಂದಿನ ದಿನವೇ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಅದನ್ನು ಯಾರು ಎಷ್ಟು ಕೇಳಿಸಿಕೊಂಡರು ಅನ್ನೋದು ಬೇರೆ ಚರ್ಚೆ. ಅದೇ ವಾರ ನಮ್ಮಲ್ಲಿ ಯಡಕುಮೇರಿ, ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣು ಜಾರಿ ಮಂಗಳೂರು ರೈಲು ನಿಂತಿತ್ತು.

ಮರ ನೋಡುವ ಕೆಲಸವೂ ಇದೇ ಜಾತಿಯದು. ಸೀಸನ್‌ವಾಚ್ ಅನ್ನೋ ಕಾರ್ಯಕ್ರಮದಲ್ಲಿ ಕೇರಳದ ಶಾಲಾ ಮಕ್ಕಳು ವರ್ಷಗಳಿಂದ ವಾರಕ್ಕೊಮ್ಮೆ ಒಂದೇ ಮರದ ಚಿಗುರು, ಹೂ, ಕಾಯಿ ಬರೆಯುತ್ತಾರೆ. ನಮ್ಮಲ್ಲಿ ಕಕ್ಕೆ ಇದೆ, ಹಲಸು ಇದೆ, ರೊಬಸ್ಟಾ ಹೂವಂತೂ ಹೇಳೋದೇ ಬೇಡ. ಪೆನ್ಸಿಲ್ ಸಾಕು.

ಹಾಗಾದರೆ ಯಾಕೆ ಆಗುತ್ತಿಲ್ಲ? ದುಡ್ಡು ಮೊದಲ ಕಾರಣ ಅಲ್ಲವೇ ಅಲ್ಲ. ಒಂದು, ಅಂಕ ಇಲ್ಲ. ಹತ್ತನೇ ತರಗತಿಯ ಫಲಿತಾಂಶದಲ್ಲಿ ಜಿಲ್ಲೆ ಎಷ್ಟನೇ ಸ್ಥಾನ ಅನ್ನೋ ಒತ್ತಡದಲ್ಲಿ ಮಣ್ಣಿನ ಡಬ್ಬಕ್ಕೆ ಯಾರು ಸಮಯ ಕೊಡುತ್ತಾರೆ? ಆಮೇಲೆ ವರ್ಗಾವಣೆ. ಈ ಕೆಲಸ ನಿಂತಿರುವುದು ಒಬ್ಬ ಶಿಕ್ಷಕರ ಆಸಕ್ತಿಯ ಮೇಲೆ, ಕೌನ್ಸೆಲಿಂಗ್ ಆದ ದಿನ ಅದು ಮುಗಿಯಿತು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಇನ್ನೊಂದು. ಆನೆ ಇದೆ ಅಂತ ಮೆಸೇಜ್ ಬಂದ ದಿನ ಮಕ್ಕಳನ್ನು ತೋಟದ ಒಳಗೆ ಕಳಿಸಿ ಅನ್ನೋಕೆ ಯಾರಿಗೂ ಧೈರ್ಯ ಇರಲ್ಲ, ಇರಲೂಬಾರದು. ಉಂಬಳ (ಜಿಗಣೆ) ಕಚ್ಚಿದ್ದಕ್ಕೆ ಶಾಲೆಗೆ ಬಂದು ಗಲಾಟೆ ಮಾಡಿದ ಅಪ್ಪನನ್ನೂ ಕಂಡಿದ್ದೇನೆ, ಅವರೇ ದಿನಾ ತೋಟದಲ್ಲಿ ಉಂಬಳ ಕಚ್ಚಿಸಿಕೊಂಡು ಬರುವವರು!

ಇವೆಲ್ಲಕ್ಕೂ ಒಂದೇ ಅಂಗಳದಲ್ಲಿ ಉತ್ತರ ಇದೆ ಅಂತ ನನ್ನ ಅನಿಸಿಕೆ. ಅಳತೆ ಶಾಲೆಯಿಂದ ಮನೆಗೆ ಬರಬೇಕು. ಮಾಪಕ ಮನೆಯಂಗಳದಲ್ಲಿದ್ದರೆ ಮಳೆ ರಜೆ ಅಡ್ಡಿಯಲ್ಲ, ರಜೆಯ ದಿನವೇ ಒಳ್ಳೆಯ ಅಂಕಿ. ಆನೆ ಭಯ ಇಲ್ಲ. ಮೇಷ್ಟ್ರು ಬದಲಾದರೂ ಮನೆ ಬದಲಾಗಲ್ಲ. ಶಾಲೆಯ ಕೆಲಸ ಬಿಸಿಲು ಬಿದ್ದ ಮೇಲೆ ಆ ಅಂಕಿಗಳನ್ನು ಒಟ್ಟಿಗೆ ಹರಡಿ, ಜಗಳ ಮಾಡಿ, ತಪ್ಪು ಹಿಡಿಯೋದು. ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಬಾಳೆಹೊನ್ನೂರಿನ ಕೇಂದ್ರ ಇವೆಲ್ಲ ವರ್ಷಕ್ಕೆರಡು ಸಲ ಮಕ್ಕಳ ಮಾಪಕವನ್ನು ತಮ್ಮ ಮಾಪಕದ ಪಕ್ಕ ಇಟ್ಟು ಸರಿನೋಡಿಕೊಟ್ಟರೆ ಸಾಕು. ಮತ್ತೆ ಪಂಚಾಯಿತಿ ಬೋರ್ಡಿನಲ್ಲಿ, ಹಾಲಿನ ಡೈರಿ ಗೋಡೆಯಲ್ಲಿ ಆ ದಿನದ ಅಂಕಿ ಕಾಣಬೇಕು. ಯಾರೂ ನೋಡದ ಅಂಕಿಯನ್ನು ಮಕ್ಕಳು ಎಷ್ಟು ದಿನ ಅಂತ ಬರೆಯುತ್ತಾರೆ?

ನಮ್ಮೂರಿನ ಮೇಡಂಗೆ ಹೋದ ವರ್ಷ ವರ್ಗಾವಣೆ ಆಯಿತು, ಊರ ಹತ್ತಿರ ಹೋದರು, ತಪ್ಪೇನಿಲ್ಲ. ಎಂಟು ಬಾಟಲಿಗಳಲ್ಲಿ ಐದು ನಿಂತಿವೆ. ಮೂರು ನಡೆಯುತ್ತಿವೆ. ಅದರಲ್ಲಿ ಒಂದು ನಮ್ಮ ತೋಟದ ಕೆಳಗಿನ ಮನೆಯದು. ಬರೆಯುತ್ತಿದ್ದ ಹುಡುಗಿ ಈಗ ಹಾಸನದಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದಾಳೆ, ನೋಟ್‌ಬುಕ್ ತಮ್ಮನ ಕೈಗೆ ಬಂದಿದೆ. ಅವನು ಐದನೇ ತರಗತಿ, ಒಂದು ದಿನವೂ ತಪ್ಪಿಸಿಲ್ಲ. ಆದರೆ ಅವನ ಅಂಕಿ ಯಾವಾಗಲೂ ಪಕ್ಕದ ಮನೆಯದಕ್ಕಿಂತ ಒಂದೆರಡು ಮಿ.ಮೀ. ಜಾಸ್ತಿ. ಮೊನ್ನೆ ಎಂಟೂವರೆಗೆ ಹೋಗಿ ನೋಡಿದೆ. ಗೊರಬು ತಲೆ ಮೇಲಿಂದ ಜಾರದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ನಿಂತಲ್ಲಿಂದಲೇ ಬಗ್ಗಿ ಬಾಟಲಿ ಓದುತ್ತಿದ್ದ. ಕೂತುಕೊಂಡು ನೋಡೋ ಅಂದೆ. ಕೆಸರಲ್ಲಿ ಕುಕ್ಕರಗಾಲಲ್ಲಿ ಕೂತ, ಒಂದು ಕಣ್ಣು ಮುಚ್ಚಿದ, 43 ಅಂತ ಬರೆದಿದ್ದನ್ನು ಹೊಡೆದು 41 ಅಂತ ಬರೆದ. ಆಮೇಲೆ ಹಿಂದಿನ ಪುಟಗಳನ್ನೆಲ್ಲ ತಿರುಗಿಸಿ ನೋಡಿ, "ಹಾಗಾದ್ರೆ ಇವನ್ನೆಲ್ಲ ಏನ್ ಮಾಡೋದು ಮಾವ?" ಅಂತ ಕೇಳಿದ.